ಕಾಯುವ ಸಭೆ

ಮಂಗಳವಾರ, ಅಂಗಡಿ ತೆರೆಯುವ ಮುಂಚೆ

ನನ್ನ ಬಾಯಿಬಡುಕಿ ಮಗಳಿಗೆ,

ಅಮ್ಮನ ಮುತ್ತು, ಆಶೀರ್ವಾದ. ಅಳಿಯಂದಿರಿಗೂ ಅಷ್ಟೇ, ಮುತ್ತೊಂದು ಬಿಟ್ಟು.

ಮೊದಲು ಕೂತುಕೋ. ಚಹಾ ಇದ್ದರೆ ಪಕ್ಕದಲ್ಲಿಟ್ಟುಕೋ. ಕಾಗದ ಉದ್ದವಿದೆ. ಮಧ್ಯೆ ನಿನಗೆ ಸಿಟ್ಟು ಬರುವ ಜಾಗವೂ ಒಂದಿದೆ, ಅಲ್ಲಿಗೆ ಬಂದಾಗ ಹರಿದು ಹಾಕದೆ ಮುಂದೆ ಓದು. ನಿನ್ನ ಮಗಳು ಆರೋಗ್ಯವಾಗಿದ್ದಾಳೆ. ಹೊಟ್ಟೆ ತುಂಬ ಊಟ ಮಾಡುತ್ತಾಳೆ, ಕೆನ್ನೆ ಸ್ವಲ್ಪ ತುಂಬಿಕೊಂಡಿದೆ. ನೀನು ಹಾಕಿ ಕಳಿಸಿದ ಹಸಿರು ಫ್ರಾಕಿನ ಸೊಂಟವನ್ನು ಬಿಚ್ಚಿ ಒಂದಿಷ್ಟು ಅಗಲ ಮಾಡಿದ್ದೇನೆ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಅರ್ಧ ವಾಕ್ಯ ಮುಗಿಸುವಷ್ಟರಲ್ಲಿ ಉಳಿದರ್ಧವನ್ನು ನೀನೇ ಹೇಳಿ, ಅದಕ್ಕೆ ಉತ್ತರವನ್ನೂ ಕೊಟ್ಟು, ಜಗಳವನ್ನೂ ಮುಗಿಸಿಬಿಟ್ಟಿರುತ್ತೀಯ. ಕಾಗದದಲ್ಲಾದರೆ ನನ್ನ ಮಾತಿಗೆ ನಾನೇ ಯಜಮಾನಿ.

ಅವಳನ್ನು ಇಲ್ಲಿ ಬಿಟ್ಟು ಹೋಗುವಾಗ ನೀನು ಒಂದೇ ಒಂದು ಷರತ್ತು ಹಾಕಿದ್ದೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಪದ್ಯ ಹೇಳಲು ನಿಂತು ತೊದಲಿ ಕೆಳಗಿಳಿದ ಮೇಲೆ ಮಗು ಬಾಯಿಗೆ ಬೀಗ ಹಾಕಿಕೊಂಡಿದೆ, ಯಾರ ಹತ್ತಿರವೂ ಒಂದು ಮಾತಿಲ್ಲ, ಬರೀ ತಲೆಯಾಡಿಸುವುದು. ಚರ್ಚಿನಲ್ಲಿ ಅದು ಓದಿಸು, ಇದು ಹಾಡಿಸು ಅಂತ ಅವಳನ್ನು ಜನರ ಮುಂದೆ ನಿಲ್ಲಿಸಬೇಡ ಅಂದೆ. ಶಾಲೆ ತೆರೆಯುವುದರೊಳಗೆ ಮಾತಾಡದಿದ್ದರೆ ಬೇರೆ ಶಾಲೆಯನ್ನೇ ನೋಡಬೇಕಾಗುತ್ತದೆ ಅಂತ ಬಸ್ಸು ಹತ್ತುತ್ತಾ ಹೇಳಿದೆ. ನಿನ್ನ ಷರತ್ತು ಮುರಿದಿಲ್ಲ, ತಾಯೀ. ಅವಳನ್ನು ನಾನು ನಿಲ್ಲಿಸಲಿಲ್ಲ. ಎದ್ದು ನಿಂತದ್ದು ನಾನು.

ತಡೆ, ಎಲ್ಲಾ ಹೇಳುತ್ತೇನೆ.

ಇಲ್ಲಿಗೆ ಬಂದ ದಿನದಿಂದ ಅವಳು ನನ್ನ ಜೊತೆ ಅಂಗಡಿಯಲ್ಲೇ ಇರುತ್ತಾಳೆ. ಹೊಲಿಗೆ ಯಂತ್ರದ ಪಕ್ಕದಲ್ಲಿ ಒಂದು ಸ್ಟೂಲು, ಗುಂಡಿಗಳ ಡ್ರಾಯರು, ಅಷ್ಟಿದ್ದರೆ ಅವಳ ದಿನ ಕಳೆಯಿತು. ಸಣಕಲು ಮೈ, ಮೇಲೊಂದು ದೊಡ್ಡ ತಲೆ. ನಾನು ಗುಂಡುಸೂಜಿ ಅಂತಲೇ ಕರೆಯುತ್ತೇನೆ. ಬೇಕು, ಬೇಡ, ಹಸಿವು, ನಿದ್ದೆ ಎಲ್ಲಾ ಕಣ್ಣಲ್ಲೇ. ನಾನು ಇಬ್ಬರ ಪಾಲಿನ ಮಾತನ್ನೂ ಆಡಿಕೊಂಡು ಹೊಲಿಯುತ್ತಿದ್ದೆ. ಅವಳು ಸುಮ್ಮನೆ ಕೂತಿದ್ದಾಳೆ ಅಂದುಕೊಂಡಿದ್ದೆ. ಸುಮ್ಮನಿದ್ದದ್ದು ಬಾಯಿ ಮಾತ್ರ ಅಂತ ಶನಿವಾರ ಗೊತ್ತಾಯಿತು.

ಶನಿವಾರ ಒಬ್ಬರು ಪ್ಯಾಂಟಿನ ಉದ್ದ ಕಡಿಮೆ ಮಾಡಿಸಿಕೊಳ್ಳಲು ಬಂದರು. ನಾನು ಎಂದಿನಂತೆ, ಇಜಾರ ಸೋಮವಾರ ಸಿಗುತ್ತೆ, ಜೇಬಲ್ಲಿ ಏನೂ ಬಿಟ್ಟಿಲ್ಲ ತಾನೇ, ನೋಡ್ಕೊಳ್ಳಿ ಅಂದೆ. ಅವರು ಹೋದ ಮೇಲೆ ನಿನ್ನ ಮಗಳು ಸ್ಟೂಲಿಂದ ಇಳಿದು, ಆ ಪ್ಯಾಂಟನ್ನು ಬೆರಳಲ್ಲಿ ತೋರಿಸಿ, ಆಮೇಲೆ ಅದೇ ಬೆರಳನ್ನು ನನ್ನ ತುಟಿಯ ಮೇಲೆ ಇಟ್ಟಳು. ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಕೈಲಿದ್ದ ಕತ್ತರಿ ಕೆಳಗಿಟ್ಟೆ.

ನಿಮಗೆಲ್ಲ ಅದೊಂದು ತಮಾಷೆಯಾಗಿತ್ತು. ಎಲ್ಲರೂ ಪ್ಯಾಂಟು ಅಂತಾರೆ, ನಮ್ಮಮ್ಮ ಮಾತ್ರ ಓಬೀರಾಯನ ಕಾಲದವರ ಹಾಗೆ ಇಜಾರ ಅಂತಾಳೆ ಅಂತ ನೀನು ನಿನ್ನ ಗೆಳತಿಯರ ಮುಂದೆ ಅಣಕಿಸುತ್ತಿದ್ದೆ. ಪಿನ್ನಲ್ಲ, ಗುಂಡುಸೂಜಿ. ಪಾಕೆಟ್ಟಲ್ಲ, ಜೇಬು. ಪುಸ್ತಕ ಅಂದದ್ದು ಕೇಳಿದ್ದೀಯಾ ನನ್ನ ಬಾಯಲ್ಲಿ? ಅದಕ್ಕೆಲ್ಲ ಓದೋದು, ಬರೆಯೋದು ಅಂತಲೇ ಅನ್ನುವುದು. ಆ 'ಪ' ಅಕ್ಷರ ಮುಂದೆ ಬರುತ್ತಿದೆ ಅಂತ ನನಗೆ ದೂರದಿಂದಲೇ ಗೊತ್ತಾಗುತ್ತದೆ, ಪಕ್ಕದ ಗಲ್ಲಿಗೆ ತಿರುಗಿಬಿಡುತ್ತೇನೆ. ತಿರುಗದೆ ನೇರ ಹೋದರೆ ತುಟಿ ಅಂಟಿಕೊಳ್ಳುತ್ತದೆ, ಕತ್ತಿನ ನರ ಬಿಗಿಯುತ್ತದೆ, ಉಸಿರು ಅಲ್ಲೇ ನಿಲ್ಲುತ್ತದೆ. ನಿಮ್ಮಪ್ಪನಿಗೆ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಿರಲಿಲ್ಲ. ಜೀವಮಾನವಿಡೀ ಯಾರ ಕೈಗೂ ಸಿಕ್ಕದವಳು ಕೊನೆಗೆ ಗುಂಡಿ ಆರಿಸುತ್ತಾ ಕೂತ ಹುಡುಗಿಯ ಕೈಗೆ ಸಿಕ್ಕಿಬಿದ್ದೆ.

ಅಂದ ಹಾಗೆ, ಈ ತೊದಲು ಎಲ್ಲಿಂದ ಬಂತು, ಅವರಪ್ಪನ ಕಡೆಯಿಂದಲೇ ಇರಬೇಕು ಅಂತ ನೀನು ಅಳಿಯಂದಿರನ್ನು ಚುಚ್ಚುತ್ತಿದ್ದೆಯಲ್ಲ, ಅದನ್ನು ಇವತ್ತಿಂದ ನಿಲ್ಲಿಸು. ಪಾಪ, ಅವರ ಕಡೆಯವರೆಲ್ಲ ಪಟಪಟ ಮಾತಾಡುವವರೇ. ಇದು ನಮ್ಮ ಮನೆಯದು.

ಅವಳ ಬೆರಳು ತುಟಿಯ ಮೇಲಿದ್ದಾಗ ಸುಳ್ಳು ಹೇಳುವುದಕ್ಕೆ ಆಗಲಿಲ್ಲ. ಹೌದು ಅಂತ ತಲೆಯಾಡಿಸಿದೆ. ಯಂತ್ರ ನಿಲ್ಲಿಸಿ, ತೊಡೆಯ ಮೇಲೆ ಕೂರಿಸಿಕೊಂಡು, ನಮ್ಮ ತಾತನ ಕಥೆ ಹೇಳಿದೆ. ಅದನ್ನು ನಿನಗೂ ಹೇಳಿಲ್ಲ. ಈಗ ಹೇಳುತ್ತೇನೆ, ಕೇಳು.

ನಮ್ಮ ತಾತ ಬಡಗಿ. ನೀನು ಚಿಕ್ಕವಳಿದ್ದಾಗ ಉಗುರಿನಿಂದ ಕೆರೆಯುತ್ತಿದ್ದ ಚರ್ಚಿನ ಬೆಂಚುಗಳೆಲ್ಲ ಅವರ ಕೈಯವು. ಅವರಿಗೆ ಮಾತು ತಡೆಯುತ್ತಿತ್ತು, ನನ್ನ ಹಾಗೆ ಕದ್ದುಮುಚ್ಚಿ ಅಲ್ಲ, ಎಲ್ಲರಿಗೂ ಗೊತ್ತಾಗುವ ಹಾಗೆ. ಅಂಥವರನ್ನು ಸಭೆಯ ಹಿರಿಯರಲ್ಲಿ ಒಬ್ಬರನ್ನಾಗಿ ಆರಿಸಿಬಿಟ್ಟರು. ಹಿರಿಯರು ಅಂದ ಮೇಲೆ ಎದ್ದು ನಿಂತು ಪ್ರಾರ್ಥನೆ ಮಾಡಲೇಬೇಕು. ಮೊದಲನೇ ಭಾನುವಾರ ಎದ್ದರು. 'ಪರಲೋಕದ ತಂದೆಯೇ' ಅಂತ ಶುರು ಮಾಡಬೇಕಾದವರು ಮೊದಲ ಅಕ್ಷರದಲ್ಲೇ ನಿಂತುಬಿಟ್ಟರು. ಸಭೆಯೆಲ್ಲ ಕಣ್ಣು ಮುಚ್ಚಿ ತಲೆ ಬಾಗಿಸಿತ್ತು. ಒಬ್ಬರು ಸಹಾಯ ಮಾಡೋಣವೆಂದು ಆ ಮಾತನ್ನು ಮೆಲ್ಲಗೆ ಎತ್ತಿಕೊಡಲು ಹೋದರಂತೆ. ಆಗಿನ ಪಾಸ್ಟರ್ ವಯಸ್ಸಾದವರು. ಕಣ್ಣು ತೆರೆಯದೆಯೇ, 'ಅವರು ಹೇಳ್ತಾರೆ, ನಾವು ಕೂತಿರೋಣ' ಅಂದರಂತೆ. ಸಭೆ ಕೂತಿತು. ತಾತ ಹೇಳಿದರು.

ನಾನು ಕಂಡದ್ದು ಆಮೇಲಿನ ವರ್ಷಗಳನ್ನು. ಅವರ ಮೊಣಕಾಲಿಗೆ ಒರಗಿ ಕೂತಿರುತ್ತಿದ್ದೆ. ಕಾಯಿಲೆಯವರು, ಕಷ್ಟದಲ್ಲಿದ್ದವರು ತಮ್ಮ ಹೆಸರನ್ನು ತಾತನ ಹತ್ತಿರವೇ ಕೊಡುತ್ತಿದ್ದರು. ಸರಾಗವಾಗಿ ಪ್ರಾರ್ಥನೆ ಮಾಡುವವರು ಬೇರೆ ಇದ್ದರು, ಆದರೆ ತಾತನ ಬಾಯಿಂದ ಒಂದು ಹೆಸರು ಹೊರಗೆ ಬರಬೇಕಾದರೆ ಅವರು ಎಷ್ಟು ಒದ್ದಾಡಿ ಅದನ್ನು ತಂದರು ಅಂತ ಎಲ್ಲರೂ ಕೇಳುತ್ತಿದ್ದರು. ಅಜ್ಜಿ ಒಮ್ಮೆ, 'ದೇವರೇ ಅಂತ ಶುರು ಮಾಡಿ, ಸಲೀಸಾಗಿ ಬರುತ್ತಲ್ಲ' ಅಂದಾಗ ತಾತ, 'ತಂದೆಯನ್ನ ಕರೀವಾಗ ಸುಲಭದ ಹೆಸರು ಯಾಕೆ ಹುಡುಕಲಿ' ಅಂದದ್ದು ನನ್ನ ಕಿವಿಯಲ್ಲೇ ಇದೆ. ಸಾಯುವ ತನಕ ಅವರು ಆ ಮಾತನ್ನು ಬದಲಾಯಿಸಲಿಲ್ಲ.

ತಾತ ಹೋದರು. ಆದರೆ ಅಷ್ಟು ವರ್ಷ ಕಾದ ಸಭೆಗೆ ಕಾಯುವುದು ಮೈಗೆ ಹತ್ತಿಹೋಗಿತ್ತು. ಇವತ್ತಿಗೂ ನಮ್ಮ ಚರ್ಚಿನಲ್ಲಿ ಬೈಬಲ್ ಓದುವವರು ತಡವರಿಸಿದರೆ ಯಾರೂ ಮಾತು ಎತ್ತಿಕೊಡುವುದಿಲ್ಲ, ಕೆಮ್ಮುವುದಿಲ್ಲ, ತಿರುಗಿ ನೋಡುವುದಿಲ್ಲ. ತಮ್ಮ ತಮ್ಮ ಕೈ ನೋಡಿಕೊಂಡು ಕೂತಿರುತ್ತಾರೆ. ಗಂಡನನ್ನು ಕಳೆದುಕೊಂಡವರು ಪ್ರಾರ್ಥನೆಯ ನಡುವೆ ಅತ್ತರೆ, ಅಳು ಮುಗಿದು ಉಳಿದ ಪ್ರಾರ್ಥನೆಯೂ ಮುಗಿಯುವ ತನಕ ಕೂತಿರುತ್ತಾರೆ. ಹೊಸಬರು ಬಂದರೆ ಇವರಿಗೆಲ್ಲ ನಿದ್ದೆ ಬಂದಿದೆ ಅಂದುಕೊಳ್ಳುತ್ತಾರೆ. ನೀನಂತೂ, ನಿಮ್ಮ ಆರಾಧನೆ ಮುಗಿಯೋದರೊಳಗೆ ಒಲೆ ಮೇಲಿಟ್ಟದ್ದು ಸೀದುಹೋಗುತ್ತೆ ಅಂತ ಎಷ್ಟು ಗೊಣಗಿದ್ದೀಯ. ಯಾಕೆ ಹೀಗೆ ಕಾಯುತ್ತೇವೆ ಅಂತ ಈಗಿನವರಿಗೆ ಗೊತ್ತೇ ಇಲ್ಲ. ಚರ್ಚು ಅಂದರೆ ಹೀಗೇ ಇರುತ್ತದೆ ಅಂದುಕೊಂಡಿದ್ದಾರೆ.

ಹೊಸದಾಗಿ ಬಂದ ಪಾಸ್ಟರ್ ಹುಡುಗನಂಥವರು, ಒಳ್ಳೆಯವರು, ಆದರೆ ಚುರುಕು ಜಾಸ್ತಿ. ಮೊದಲ ಭಾನುವಾರ ಗಡಿಯಾರ ರಿಪೇರಿಯವರು ಓದುವಾಗ ಕನ್ನಡಕ ಒರೆಸಲು ನಿಲ್ಲಿಸಿದರೆ, ಇವರು ಮುಂದಿನ ಸಾಲನ್ನು ತಾವೇ ಹೇಳಿಬಿಟ್ಟರು. ಇಡೀ ಸಭೆ ತಲೆಯೆತ್ತಿ, ಅವರು ಯಾರದೋ ತಟ್ಟೆಗೆ ಕೈ ಹಾಕಿದ ಹಾಗೆ ನೋಡಿತು. ಪಾಪ, ಏನು ತಪ್ಪಾಯಿತೆಂದು ಅವರಿಗೆ ತಿಳಿಯಲಿಲ್ಲ, ನಮಗೂ ವಿವರಿಸಲು ಬರಲಿಲ್ಲ.

ಇಷ್ಟನ್ನೂ ಗುಂಡುಸೂಜಿಗೆ ಹೇಳಿದೆ. ಅವಳು ಕೇಳಿಸಿಕೊಂಡು, ಮತ್ತೆ ನನ್ನ ತುಟಿ ಮುಟ್ಟಿ, ಹುಬ್ಬೇರಿಸಿದಳು. ಅದರ ಅರ್ಥ ಸ್ಪಷ್ಟವಾಗಿಯೇ ಇತ್ತು: ತಾತ ಬದಲಾಯಿಸಲಿಲ್ಲ, ನೀವ್ಯಾಕೆ ಬದಲಾಯಿಸ್ತೀರಿ? ಹೋಗಿ ಕೈಕಾಲು ತೊಳ್ಕೋ ಅಂತ ಕಳಿಸಿದೆ.

ಭಾನುವಾರ ಗಡಿಯಾರದವರಿಗೆ ಗಂಟಲು ಕಟ್ಟಿತ್ತು. ಚರ್ಚಿನಲ್ಲಿ ಈಗೀಗ ಓದುವುದು ಹೆಚ್ಚಾಗಿ ಅವರೇ. ಪಾಸ್ಟರ್, ಇವತ್ತು ಯಾರಾದರೂ ಓದುತ್ತೀರಾ ಅಂತ ಕೇಳಿ ಸುತ್ತ ನೋಡಿದರು. ಇಷ್ಟು ವರ್ಷ ಈ ಸಭೆಯಲ್ಲಿ ನಾನು ಹೂ ಇಟ್ಟಿದ್ದೇನೆ, ನೆಲ ಒರೆಸಿದ್ದೇನೆ, ನಿಲುವಂಗಿಗಳನ್ನು ಹೊಲಿದಿದ್ದೇನೆ, ಗುಂಪಿನಲ್ಲಿ ಹಾಡಿದ್ದೇನೆ. ಓದಲು ಮಾತ್ರ ಎದ್ದಿಲ್ಲ. ದೇವರ ವಾಕ್ಯದಲ್ಲಿ ಪಕ್ಕದ ಗಲ್ಲಿಗೆ ತಿರುಗುವ ಹಾಗಿಲ್ಲವಲ್ಲ. ಅದರಲ್ಲೂ ನಮ್ಮಲ್ಲಿ ಓದುವವರು 'ಪರಿಶುದ್ಧ ವಾಕ್ಯವನ್ನು ಕೇಳೋಣ' ಅಂತಲೇ ಶುರು ಮಾಡಬೇಕು. ನಾನು ನೆಲ ನೋಡುತ್ತಾ ಕೂತೆ. ಪಕ್ಕೆಗೆ ಒಂದು ತಿವಿತ ಬಿತ್ತು. ನಿನ್ನ ಮಗಳ ಮೊಣಕೈ ಎಷ್ಟು ಚೂಪು ಅಂತ ನಿನಗೆ ಗೊತ್ತಿದೆಯಲ್ಲ.

ಹೇಗೆ ಎದ್ದೆನೋ, ಮುಂದೆ ಹೇಗೆ ಹೋದೆನೋ, ನೆನಪಿಲ್ಲ. ಗ್ರಂಥ ತೆರೆದೇ ಇತ್ತು. ಬಾಯಿ ತೆರೆಯಲು ಹೋದೆ, ತುಟಿ ಅಂಟಿಕೊಂಡಿತು. ಎಳೆದೆ, ಬರಲಿಲ್ಲ. ಕಿವಿ ಬಿಸಿಯಾಯಿತು. ಕೂತವರೆಲ್ಲ ಕೈ ನೋಡಿಕೊಂಡರು. ಒಬ್ಬರೂ ಅಲುಗಾಡಲಿಲ್ಲ. ನಾನು ಆ ಬೆಂಚುಗಳಲ್ಲಿ ಕೂತು ಎಷ್ಟೋ ಜನರಿಗಾಗಿ ಕಾದಿದ್ದೇನೆ ಮಗಳೇ, ನನಗಾಗಿ ಕಾಯುವುದು ಹೇಗಿರುತ್ತದೆ ಅಂತ ಅವತ್ತು ಮೊದಲ ಸಲ ಗೊತ್ತಾಯಿತು. ಹೆದರಿಕೆ ಇತ್ತು, ಆದರೆ ಅವಮಾನ ಅನ್ನುವುದು ಎಲ್ಲೂ ಇರಲಿಲ್ಲ.

ಆದರೆ ಪಾಸ್ಟರಿಗೆ ತಡೆಯಲಾಗಲಿಲ್ಲ. ನನ್ನ ಪಕ್ಕದಲ್ಲೇ ನಿಂತಿದ್ದವರು ನನ್ನ ಒದ್ದಾಟ ನೋಡಲಾರದೆ, ತುಂಬ ಪ್ರೀತಿಯಿಂದಲೇ, ನನ್ನತ್ತ ಬಾಗಿ ಆ ಮೊದಲ ಮಾತನ್ನು ಹೇಳಿಕೊಡಲು ಬಾಯಿ ತೆರೆದರು.

ಆಗ ಬೆಂಚಿನಿಂದ ಒಂದು ದನಿ ಬಂತು. "ತ... ತ... ತಡೀರಿ. ಅ... ಅಜ್ಜಿನೇ ಹೇಳ್ತಾರೆ."

ನಿನ್ನ ಮಗಳು. ಎದ್ದು ನಿಂತಿದ್ದಳು. ಮುಖ ಕೆಂಪಾಗಿತ್ತು, ಕೈ ಮುಂದಿನ ಬೆಂಚನ್ನು ಬಿಗಿಯಾಗಿ ಹಿಡಿದಿತ್ತು. ಅಷ್ಟು ಚಿಕ್ಕ ಮಾತಿಗೆ ಅವಳಿಗೆ ಬಹಳ ಹೊತ್ತು ಬೇಕಾಯಿತು, ಆ ಹೊತ್ತನ್ನೂ ಸಭೆ ಅವಳಿಗೆ ಕೊಟ್ಟಿತು. ಒಂದು ತಲೆಯೂ ಹಿಂದಕ್ಕೆ ತಿರುಗಲಿಲ್ಲ. ಪಾಸ್ಟರ್ ಬಾಯಿ ಮುಚ್ಚಿಕೊಂಡರು. ಒಂದು ಹೆಜ್ಜೆ ಹಿಂದೆ ಸರಿದು, ತಮ್ಮ ಕೈ ನೋಡಿಕೊಂಡು ನಿಂತರು.

ನಾನು ಹೇಳಿದೆ. ಯಾವಾಗ ಬಂತೋ ಗೊತ್ತಿಲ್ಲ, ಆದರೆ ಬಂತು, ಪೂರ್ತಿಯಾಗಿ. ಆ ಅಧ್ಯಾಯದಲ್ಲಿ ಆ ಅಕ್ಷರಕ್ಕೇನೂ ಬರವಿರಲಿಲ್ಲ. ಒಂದೊಂದರಲ್ಲೂ ನಿಂತೆ, ಒಂದೊಂದನ್ನೂ ದಾಟಿದೆ, ಯಾವುದನ್ನೂ ಬದಲಾಯಿಸಲಿಲ್ಲ. ಅವತ್ತು ಎಷ್ಟು ಮನೆಗಳಲ್ಲಿ ಅಡುಗೆ ಸೀದುಹೋಯಿತೋ ದೇವರಿಗೇ ಗೊತ್ತು.

ಮುಗಿದ ಮೇಲೆ ಯಾರೂ ಶಹಬ್ಬಾಸ್ ಅನ್ನಲಿಲ್ಲ, ಬೆನ್ನು ತಟ್ಟಲಿಲ್ಲ. ಅದು ನಮ್ಮ ಪದ್ಧತಿಯೂ ಅಲ್ಲ. ಗಡಿಯಾರದವರು ಮಾತ್ರ ಇಲ್ಲದ ಗಂಟಲಲ್ಲಿ, ಮುಂದಿನ ವಾರವೂ ನನಗೆ ಗಂಟಲು ಕಟ್ಟೋ ಹಾಗಿದೆ, ನೋಡಿಕೊಳ್ಳಿ ಅಂದರು. ಪಾಸ್ಟರ್ ಬಾಗಿಲ ಹತ್ತಿರ ನಿನ್ನ ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ನನಗೆ ಗೊತ್ತಿರಲಿಲ್ಲ ಪುಟ್ಟಾ, ಇಲ್ಲಿ ಯಾವಾಗಲೂ ಹೀಗೇನಾ ಅಂತ ಕೇಳಿದರು. ಅವಳು ಅದಕ್ಕೂ ತೊದಲಿಕೊಂಡೇ ಉತ್ತರ ಕೊಟ್ಟಳು, ನಮ್ಮ ಚರ್ಚಲ್ಲಿ ಹೀಗೇ ಅಂತ. ನಮ್ಮ ಚರ್ಚು ಅಂದಳು, ಕೇಳಿಸಿತಾ? ನನಗೆ ಅಲ್ಲೇ ಅಳು ಬಂತು, ಸೆರಗಿನಲ್ಲಿ ಮುಖ ಒರೆಸಿಕೊಂಡೆ.

ದಾರಿಯುದ್ದಕ್ಕೂ ಮಾತಾಡಿದಳು. ತಡೆತಡೆದು, ನಿಂತು ನಿಂತು, ಆದರೆ ನಿಲ್ಲಿಸದೆ. ಇಷ್ಟು ದಿನ ಎಲ್ಲಿ ತುಂಬಿಟ್ಟುಕೊಂಡಿದ್ದಳೋ. ನಾನು ಪಕ್ಕದಲ್ಲಿ ನಡೆದೆ, ಅಷ್ಟೇ.

ಈಗ ನಿನಗೆ ಸಿಟ್ಟು ಬರುವ ಜಾಗ. ಚಹಾ ಒಂದು ಗುಟುಕು ಕುಡಿ.

ವಾರ್ಷಿಕೋತ್ಸವದ ದಿನ ಮಕ್ಕಳು ನಕ್ಕರು, ಅದಕ್ಕೇ ಇವಳಿಗೆ ಹೀಗಾಯಿತು ಅಂತ ನೀನಂದುಕೊಂಡಿದ್ದೀಯ. ಯಾರೂ ನಗಲಿಲ್ಲವಂತೆ. ಇವಳು ಮೂರನೇ ಸಾಲಿನಲ್ಲಿ ನಿಂತಾಗ ಟೀಚರು ಬಂದು, ಹೆಗಲ ಮೇಲೆ ಕೈ ಹಾಕಿ, ಉಳಿದ ಪದ್ಯವನ್ನು ತಾವೇ ಹೇಳಿ ಮುಗಿಸಿದರಂತೆ. ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿದರಂತೆ. "ನಾ... ನಾನು ಹೇಳ್ತಿದ್ದೆ ಅಜ್ಜಿ. ಬ... ಬರ್ತಿತ್ತು" ಅಂದಳು.

ಆಮೇಲೆ ಇನ್ನೊಂದು ಮಾತು ಹೇಳಿದಳು. ಅಮ್ಮನೂ ಹೇಳಿಬಿಡ್ತಾಳೆ ಅಂದಳು. ದೂರಲಿಲ್ಲ, ಸುಮ್ಮನೆ ಹೇಳಿದಳು.

ನಿನ್ನನ್ನು ಬಯ್ಯುತ್ತಿಲ್ಲ, ಕಂದಾ. ನಿನ್ನ ಕೆಲಸವೇ ಅಂಥದ್ದು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ದವಡೆ ಊದಿಸಿಕೊಂಡು ಬಂದವರ ಮಾತನ್ನು ನೀನೇ ಪೂರ್ತಿ ಮಾಡಿ ಚೀಟಿ ಬರೆಯಬೇಕು; ಅವರು ನಿನಗೆ ಕೈಮುಗಿಯುತ್ತಾರೆ. ಮನೆಗೆ ಬಂದರೆ ಮಗಳು ಒದ್ದಾಡುವುದನ್ನು ನೀನು ನೋಡಲಾರೆ. ಅವಳಿಗೆ ನೋವಾಗಬಾರದು ಅಂತ ಅವಳ ಮಾತನ್ನು ನೀನು ಎತ್ತಿಕೊಳ್ಳುತ್ತೀಯ. ಚಿಕ್ಕವಳಿದ್ದಾಗ ಅವಳು ಎಡವುವ ಮೊದಲೇ ಎತ್ತಿಕೊಳ್ಳುತ್ತಿದ್ದೆಯಲ್ಲ, ಹಾಗೆ. ಎತ್ತಿಕೊಂಡರೆ ಅವಳು ನಡೆಯುವುದು ಯಾವಾಗ ಹೇಳು.

ನಿನಗೆ ಕೊಡಲು ನನ್ನ ಹತ್ತಿರ ಒಡವೆಯಿಲ್ಲ, ಜಮೀನಿಲ್ಲ. ಹೊಲಿಗೆ ಯಂತ್ರ ನಿನಗೆ ಬೇಡ. ಆದರೆ ನನ್ನ ತಾತನಿಂದ ಆ ಸಭೆಗೆ, ಆ ಸಭೆಯಿಂದ ನನಗೆ ಬಂದದ್ದು ಒಂದಿದೆ. ಅದು ನನಗೆ ಸಿಕ್ಕಿದೆ ಅಂತ ನನಗೇ ಭಾನುವಾರದ ತನಕ ಪೂರ್ತಿ ಗೊತ್ತಿರಲಿಲ್ಲ. ದೇವರು ನಮ್ಮ ಮಾತನ್ನು ಕಿತ್ತುಕೊಳ್ಳದೆ, ಅವಸರ ಮಾಡದೆ ಕೇಳುತ್ತಾನೆ ಅಂತ ಪಾಸ್ಟರುಗಳ ಎಷ್ಟೋ ಪ್ರಸಂಗಗಳಲ್ಲಿ ಕೇಳಿದ್ದೆ. ಬೆಂಚುಗಳ ಮೇಲೆ ಕೈ ನೋಡಿಕೊಂಡು ಕೂತ ಆ ಮಂದಿಯನ್ನು ಮುಂದೆ ನಿಂತು ನೋಡಿದಾಗ ಅದನ್ನು ನಂಬಿದೆ. ಇದನ್ನು ಯಾರೂ ನಮಗೆ ಕೂರಿಸಿಕೊಂಡು ಕಲಿಸಲಿಲ್ಲ. ಭಾನುವಾರ ಭಾನುವಾರ ಪಕ್ಕದಲ್ಲಿ ಕೂತು ಕಲಿತೆವು. ನೀನೂ ಆ ಬೆಂಚಿನಲ್ಲೇ ಕೂತು ಬೆಳೆದವಳು, ಎಷ್ಟೇ ಗೊಣಗಿದ್ದರೂ ನಿನ್ನಲ್ಲೂ ಅದು ಇದೆ. ಸ್ವಲ್ಪ ಹುಡುಕು.

ನನ್ನ ಮನಸ್ಸು ತುಂಬಿದೆ. ನಿನ್ನೆ ಆ ಗಿರಾಕಿ ಬಂದಾಗ, ನಿಮ್ಮ ಪ್ಯಾಂಟು ಸಿದ್ಧವಾಗಿದೆ ಅಂದೆ. ಅನ್ನುವುದಕ್ಕೆ ಹೊತ್ತು ಹಿಡಿಯಿತು. ಅವರು ಮೊಬೈಲ್ ನೋಡುತ್ತಾ ನಿಂತಿದ್ದರು, ಗಮನಿಸಲೂ ಇಲ್ಲ. ನಮ್ಮಿಬ್ಬರಿಗೂ ನಗು ತಡೆಯಲಾಗಲಿಲ್ಲ.

ಅಂಗಡಿ ತೆರೆಯುವ ಹೊತ್ತಾಯಿತು. ಗುಂಡುಸೂಜಿ ಬಾಗಿಲಲ್ಲಿ ನಿಂತು ಬೀಗದ ಕೈ ಅಲ್ಲಾಡಿಸುತ್ತಿದ್ದಾಳೆ. ಅಳಿಯಂದಿರಿಗೆ ನಾನು ಕ್ಷಮೆ ಕೇಳಿದೆ ಅಂತ ಹೇಳು, ತೊದಲಿನ ವಿಷಯಕ್ಕೆ. ಕರ್ತನು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ಇಜಾರ ಹೊಲಿಯುವ,
ನಿನ್ನ ಅಮ್ಮ

ಮರೆತಿದ್ದೆ: ನಿನ್ನೆ ಮಧ್ಯಾಹ್ನ ನಿಮ್ಮ ಕ್ಲಿನಿಕ್ಕಿಗೆ ಒಂದು ಫೋನ್ ಬಂದಿರಬೇಕು. ಯಾರೂ ಮಾತಾಡದೆ ಬರೀ ಉಸಿರು ಕೇಳಿಸಿ, ನೀನು ಹಲೋ ಹಲೋ ಅಂದು, ಕೆಲಸವಿಲ್ಲದವರು ಅಂತ ಬಯ್ದು ಇಟ್ಟೆಯಂತೆ. ಗುಂಡುಸೂಜಿ ಅಳಲಿಲ್ಲ, ಅಮ್ಮನಿಗೆ ಗೊತ್ತಿರಲಿಲ್ಲ ಅಂದಳು. ಶನಿವಾರ ಸಂಜೆ ಮತ್ತೆ ಮಾಡುತ್ತಾಳಂತೆ. ಎತ್ತಿದಾಗ ಏನೂ ಕೇಳಿಸದಿದ್ದರೆ ಇಡಬೇಡ, ಏನೂ ಹೇಳಬೇಡ. ಅವಳು ಆಗಲೇ 'ಅಮ್ಮಾ' ಅನ್ನುತ್ತಿರುತ್ತಾಳೆ.